ಅಂಗನವಾಡಿ ಕಟ್ಟಡ ತಂಪಾಗಿರಬೇಕು: ಕಟ್ಟಿಸಿದವರು ಹೇಳಿ

ಬಾಲವಿಕಾಸ ಸಮಿತಿ ಸದಸ್ಯೆ, ಲಿಂಗಸುಗೂರು ತಾಲೂಕು: ನಮ್ಮೂರ ಅಂಗನವಾಡಿಗೆ ಸ್ವಂತ ಕಟ್ಟಡ ಮಂಜೂರಾಗಿದೆ. ಈಗಿರೋದು ಬಾಡಿಗೆಯ ತಗಡಿನ ಶೆಡ್ಡು. ಮಾರ್ಚ್ ಬಂತೆಂದರೆ ಮಕ್ಕಳ ಮೈಯೆಲ್ಲ ಬೆವರುಸಾಲೆ. ಕರೆಂಟನ್ನು ನಂಬಿ ಕೂರುವ ಹಾಗಿಲ್ಲ. ಜಾಗ ಎರೆಭೂಮಿ. ಹೆಚ್ಚು ಖರ್ಚಿಲ್ಲದೆ ತಂಪಾಗಿರುವ ಹಾಗೆ ಹೇಗೆ ಕಟ್ಟಿಸೋದು?

ಸಿವಿಲ್ ಎಂಜಿನಿಯರ್, ಕೊಪ್ಪಳ: ಅಕ್ಕ, ಮೊದಲು ಚಾವಣಿ ನೋಡಿ. ಗೋಡೆಯ ಚಿತ್ರ, ಬಣ್ಣ ಎಲ್ಲ ಆಮೇಲೆ. ನಮ್ಮ ಕಡೆ ಮೇ ಮೊದಲ ವಾರ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ, ಆಗಸ್ಟ್‌ನಲ್ಲಿ ಇನ್ನೊಮ್ಮೆ. ಹಾಗಾಗಿ ಬೇಸಿಗೆಯ ಬಿಸಿಲು ಜಾಸ್ತಿ ಬೀಳೋದು ಗೋಡೆ ಮೇಲಲ್ಲ, ಸ್ಲ್ಯಾಬ್ ಮೇಲೆ. ಬರೀ ಆರ್‌ಸಿಸಿ ಆದರೆ ಅದು ಕಾದು, ಆ ಕಾವನ್ನು ಸಂಜೆಯವರೆಗೂ ಕೆಳಗೆ ಬಿಡುತ್ತೆ. ನಮ್ಮ ಹಳೇ ಮಾಳಿಗೆ ಮನೆಗಳಲ್ಲಿ ದಪ್ಪ ಮಣ್ಣು ಕಾವು ತಡೆಯುತ್ತಿತ್ತು, ಅದರ ಮೇಲಿನ ಸೌಳು ಮಣ್ಣು ಸೋರಿಕೆ ತಡೆಯುತ್ತಿತ್ತು.

ಈಗ ಅದರ ಬದಲು ಫಿಲ್ಲರ್ ಸ್ಲ್ಯಾಬ್ ಹಾಕಿಸಬಹುದು. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಇದನ್ನು ತುಂಬಾ ಬಳಸಿದರು. ಸ್ಲ್ಯಾಬಿನ ಕೆಳಭಾಗದ ಕಾಂಕ್ರೀಟು ಭಾರ ಹೊರೋದಿಲ್ಲ, ಸರಳನ್ನು ಹಿಡಿದಿರುತ್ತೆ ಅಷ್ಟೇ. ಸರಳುಗಳ ನಡುವೆ ಎರಡೆರಡು ಮಂಗಳೂರು ಹೆಂಚು ಜೋಡಿಸಿಟ್ಟರೆ ಕಾಂಕ್ರೀಟು ಉಳಿಯುತ್ತೆ, ಹೆಂಚಿನ ನಡುವಿನ ಗಾಳಿ ಕಾವನ್ನು ತಡೆಯುತ್ತೆ. ಮೇಲೆ ಒಡೆದ ಬಿಳಿ ಟೈಲ್ಸ್ ಕೂರಿಸಿ. ಬಿಳಿ ಬಣ್ಣ ಬಿಸಿಲನ್ನು ವಾಪಸ್ ಕಳಿಸುತ್ತೆ. ಸರಳಿನ ಲೆಕ್ಕ ಮಾತ್ರ ಎಂಜಿನಿಯರ್ ಹತ್ತಿರವೇ ಮಾಡಿಸಿ.

ಮೇಸ್ತ್ರಿ, ಸಿಂಧನೂರು: ಎರೆ ಬೇಸಿಗೆಗೆ ಬಿರಿಯುತ್ತೆ, ಮಳೆಗೆ ಉಬ್ಬುತ್ತೆ. ಗರಸು, ಅಂದರೆ ಗಟ್ಟಿ ಜಲ್ಲಿಮಣ್ಣು, ಸಿಗುವವರೆಗೆ ಪಾಯ ತೋಡಿಸಿ, ತುಂಬಿಸೋದಕ್ಕೂ ಎರೆ ಬೇಡ. ಗೋಡೆಗೆ ಶಕ್ತಿನಗರದ ಕರೆಂಟ್ ಸ್ಥಾವರದ ಹಾರುಬೂದಿಯ ಇಟ್ಟಿಗೆ ರಾಯಚೂರು ಕಡೆ ಸಿಗುತ್ತೆ. ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ ನಡುವೆ ಪೊಳ್ಳು ಬಿಡುವ ರ್‍ಯಾಟ್ ಟ್ರ್ಯಾಪ್ ಕಟ್ಟಡದಲ್ಲಿ ಕಾಲು ಭಾಗದಷ್ಟು ಇಟ್ಟಿಗೆ ಉಳಿಯುತ್ತೆ, ಒಳಗೂ ತಂಪು. ಗೊತ್ತಿರುವ ಕೈಯೇ ಬೇಕು. ಮೊದಲು ಒಂದು ಮೊಣಕಾಲೆತ್ತರದ ಗೋಡೆ ಕಟ್ಟಿಸಿ ನೋಡಿ.

ಪಡುವಣಕ್ಕೆ ಹೊಂಗೆ ಅಥವಾ ಬೇವು ನೆಡಿ, ಆದರೆ ಗೋಡೆಯಿಂದ ದೂರ. ಎರೆಯಲ್ಲಿ ಬೇರು ತೇವ ಎಳೆದರೆ ಮಣ್ಣು ಕುಗ್ಗಿ ಗೋಡೆ ಸೀಳುತ್ತೆ.

ಅಂಗನವಾಡಿ ಟೀಚರ್, ಕುಷ್ಟಗಿ ತಾಲೂಕು: ಮೇಲಿನವರು ಹೇಳಿದ್ದೆಲ್ಲ ಸರಿ. ಮಕ್ಕಳು ಎಲ್ಲಿ ಕೂರುತ್ತಾರೆ ಅಂತ ಯಾರೂ ಹೇಳಲಿಲ್ಲ. ನೆಲದ ಮೇಲೆ, ಅಲ್ವಾ? ನಾಲ್ಕು ವರ್ಷದ ಮಗು ಚಕ್ಕಳಮಕ್ಕಳ ಹಾಕಿ ಕೂತರೆ ತಲೆ ಎರಡು ಅಡಿಯ ಹತ್ತಿರ. ಕಿಟಕಿ ಶುರುವಾಗೋದು ಮೂರು ಅಡಿಗೆ. ಗಾಳಿ ಬಂದರೂ ನನಗೆ ತಾಗುತ್ತೆ, ಅವರಿಗೆ ತಾಗಲ್ಲ. ನಾನು ನಿಂತು ಕಥೆ ಹೇಳುವಾಗ ಸೆರಗು ಹಾರಾಡುತ್ತೆ, ಎದುರಿಗೆ ಕೂತ ಮಕ್ಕಳ ಹಣೆಯಿಂದ ಬೆವರು ಇಳಿಯುತ್ತಿರುತ್ತೆ. ಇದನ್ನು ದಿನಾ ನೋಡುತ್ತಿದ್ದೇನೆ, ಸಂಕಟವಾಗುತ್ತೆ.

ಅದಕ್ಕೇ ಎದುರುಬದುರು ಗೋಡೆಗಳಲ್ಲಿ ಒಂದೂವರೆ ಅಡಿಯಿಂದಲೇ ಕಿಟಕಿ ಇಡಿಸಿ. ಕಂಬಿ ಉದ್ದುದ್ದ ಇರಲಿ. ಅಡ್ಡ ಕಂಬಿ ಇದ್ದರೆ ಹತ್ತುತ್ತಾರೆ. ನಡುವಿನ ಸಂದು 4 ಇಂಚಿಗಿಂತ ಕಡಿಮೆ ಇರಬೇಕು, ತಲೆ ತೂರಬಾರದು. ಬಿಸಿಗಾಳಿ ಹೊರಹೋಗಲು ಚಾವಣಿಗೆ ಹತ್ತಿರ ಗವಾಕ್ಷಿ ಬೇಕು. ನೆಲಕ್ಕೆ ಶಹಾಬಾದ್ ಪರ್ಸಿ (ಕಲ್ಲಿನ ಚಪ್ಪಡಿ) ಹಾಕಿಸಿ. ಬರಿಗಾಲಿಗೆ ತಂಪು, ನೀರು ಚೆಲ್ಲಿದರೂ ನುಣುಪು ಟೈಲ್ಸ್‌ನಷ್ಟು ಜಾರಲ್ಲ.

ಒಂದು ಜಗಲಿಯನ್ನಂತೂ ಬಿಡಬೇಡಿ. ಶಾಲೆಗಳ ಹಾಗೆ ನಮಗೆ ಉದ್ದ ಬೇಸಿಗೆ ರಜೆ ಇಲ್ಲ. ನೆರಳಿರುವ ಜಗಲಿಯಿದ್ದರೆ ಬೆಳಗಿನ ಹಾಡು, ಆಟ ಎಲ್ಲ ಅಲ್ಲೇ.

ಕೊಪ್ಪಳದ ಎಂಜಿನಿಯರ್: ಟೀಚರ್ ಹೇಳಿದ್ದು ನೂರಕ್ಕೆ ನೂರು ಸರಿ. ಇನ್ನೊಂದು, ನಮ್ಮ ಬೋರ್‌ನೀರಲ್ಲಿ ಎಷ್ಟೋ ಕಡೆ ಫ್ಲೋರೈಡ್ ಇದೆ, ಬೆಳೆಯುವ ಹಲ್ಲು ಮೂಳೆಗೆ ಅದು ಕೆಟ್ಟದ್ದು. 600 ಚದರ ಅಡಿ ಚಾವಣಿಗೆ ವರ್ಷಕ್ಕೆ 600 ಮಿ.ಮೀ. ಮಳೆ ಅಂದುಕೊಂಡರೂ ಸುಮಾರು 33,000 ಲೀಟರ್ ಬೀಳುತ್ತೆ. ಮೊದಲ ಮಳೆಯನ್ನು ಹೊರಗೆ ಬಿಟ್ಟು, ಉಳಿದದ್ದನ್ನು ಸೋಸಿ ಮುಚ್ಚಿದ ತೊಟ್ಟಿಗೆ ತುಂಬಿಸಿ. ಕುಡಿಯೋದಕ್ಕೆ ಕುದಿಸಿ.

ಕೇಳಿದವರು: ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎಸ್ಟಿಮೇಟ್ ಇನ್ನೂ ಆಗಿಲ್ಲ. ಈಗಲೇ ಹೇಳಬೇಕಾ?

ಸಿಂಧನೂರು ಮೇಸ್ತ್ರಿ: ಈಗಲೇ ತಾಯಿ. ಕಿಟಕಿ ಎತ್ತರ, ಫಿಲ್ಲರ್ ಸ್ಲ್ಯಾಬ್, ಜಗಲಿ, ತೊಟ್ಟಿ, ನಾಲ್ಕನ್ನೂ ಅರ್ಜಿಯಲ್ಲಿ ಬರೆದು ಪಂಚಾಯ್ತಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಎಸ್ಟಿಮೇಟ್‌ನಲ್ಲಿ ಇಲ್ಲದ್ದನ್ನು ಗುತ್ತಿಗೆದಾರರು ಮಾಡಲ್ಲ.