ಜಾವಾ ಮಾಸ್ ಒಳಗಿನಿಂದ ಕಂದುತ್ತಿದೆ: ಸುರಂಗದ ಹಾವಸೆಯನ್ನು ತೊಟ್ಟಿಗೆ ಹಾಕಬಹುದೇ?

ಪ್ರಶ್ನೆ – ಬದಿಯಡ್ಕ
ನಮ್ಮ ಎರಡಡಿ ಉದ್ದದ ಗಾಜಿನ ತೊಟ್ಟಿಯಲ್ಲಿ ಗಪ್ಪಿ ಮೀನುಗಳೂ ಚೆರ್ರಿ ಸೀಗಡಿಗಳೂ ಇವೆ. ಮರದ ಬೇರಿಗೆ ಕಟ್ಟಿದ ಜಾವಾ ಮಾಸ್ (ನೀರಿನೊಳಗೆ ಬೆಳೆಯುವ ಒಂದು ಹಾವಸೆ) ಚಳಿಗಾಲವಿಡೀ ಸೊಂಪಾಗಿ ಬೆಳೆದಿತ್ತು. ಏಪ್ರಿಲ್‌ನಿಂದೀಚೆಗೆ ಮೇಲ್ಗಡೆ ಹಸಿರಾಗಿದ್ದರೂ ಒಳಗಿನಿಂದ ಕಂದಿ ಉದುರುತ್ತಿದೆ. ಮಧ್ಯಾಹ್ನ ನೀರಿನ ಉಷ್ಣತೆ 31 ಡಿಗ್ರಿ ಮುಟ್ಟುತ್ತದೆ. ಗೊಬ್ಬರದ ದ್ರಾವಣ ಹಾಕಬೇಕೇ, ಅಥವಾ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ನಮ್ಮ ಸುರಂಗದ ಬಾಯಿಯ ಮುರಕಲ್ಲಿನ ಮೇಲೆ ಬೆಳೆದಿರುವ ಹಾವಸೆಯನ್ನೇ ತಂದು ಕಟ್ಟಬಹುದೇ?

ಉತ್ತರ – ಪೆರ್ಲ
ಗೊಬ್ಬರ ಬೇಡ. ಮಾಸ್‌ಗೆ ನಿಜವಾದ ಬೇರುಗಳಿಲ್ಲ. ಬೇರಿನಂತೆ ಕಾಣುವ ಎಳೆಗಳು ಹಿಡಿದುಕೊಳ್ಳಲಷ್ಟೇ ಇರುವಂಥವು. ಆಹಾರವನ್ನು ಅದು ಎಲೆಗಳ ಮೂಲಕವೇ ನೀರಿನಿಂದ ಹೀರುವುದರಿಂದ, ಮೀನುಗಳಿರುವ ತೊಟ್ಟಿಯಲ್ಲಿ ಅದಕ್ಕೆ ಕೊರತೆಯಾಗುವುದು ಅಪರೂಪ. ನಿಮ್ಮಲ್ಲಿ ಆಗಿರುವುದು ಬಹುಶಃ ಇಷ್ಟೇ: ಪದರ ದಪ್ಪವಾಗಿ, ಒಳಗೆ ಬೆಳಕೂ ನೀರಿನ ಓಟವೂ ತಲುಪದೆ, ಮೀನಿನ ಕಸ ಅಲ್ಲೇ ತುಂಬಿಕೊಂಡಿದೆ. ಮರದ ಬೇರನ್ನು ಹೊರತೆಗೆದು, ಕಂದಿದ ಭಾಗವನ್ನೆಲ್ಲ ಕತ್ತರಿಸಿ, ತೊಟ್ಟಿಯ ನೀರಿನಲ್ಲೇ ಅಲುಗಿಸಿ ತೊಳೆದು, ಉಳಿದುದನ್ನು ಕೆಳಗಿನ ಮರ ಕಾಣುವಷ್ಟು ತೆಳ್ಳಗೆ ಹರಡಿ ಕಟ್ಟಿರಿ. ಜಾವಾ ಮಾಸ್‌ನ ಹಿಡಿತ ಸಡಿಲ. ಹತ್ತಿಯ ನೂಲು ಬೇಗ ಕೊಳೆಯುವುದರಿಂದ ಗಾಳದ ನೈಲಾನ್ ದಾರವೇ ಮೇಲು.

ಉತ್ತರ – ಕುಂಬಳೆ
ಮೇಲಿನ ಮಾತು ಸರಿ, ಆದರೆ ಸೆಕೆಯನ್ನೂ ಕಡೆಗಣಿಸುವಂತಿಲ್ಲ. ತೊಟ್ಟಿಯ ಮೇಲೆ ಫ್ಯಾನ್ ಇಡಿ ಎಂದು ಸಾಮಾನ್ಯವಾಗಿ ಕೊಡುವ ಸಲಹೆ ಒಣಹವೆಯ ಊರಿಗೆ ಹೆಚ್ಚು ಸಲ್ಲುತ್ತದೆ. ನಮ್ಮ ಕರಾವಳಿಯ ಮೇ ತಿಂಗಳಲ್ಲಿ ಗಾಳಿಯೇ ತೇವದಿಂದ ತುಂಬಿರುವಾಗ ನೀರು ಆವಿಯಾಗುವುದು ಕಡಿಮೆ, ತಂಪಾಗುವುದೂ ಕಡಿಮೆ. ತೊಟ್ಟಿಯನ್ನು ಪಡುವಣ ಗೋಡೆಯಿಂದ ದೂರವಿಟ್ಟು, ದೀಪ ಉರಿಯುವುದನ್ನು ದಿನಕ್ಕೆ ಆರೇಳು ಗಂಟೆಗೆ ಇಳಿಸಿ, ಸುರಂಗದ ತಣ್ಣೀರನ್ನು ಸ್ವಲ್ಪ ಸ್ವಲ್ಪವಾಗಿ ಬದಲಿಸುವುದು ಹೆಚ್ಚು ಫಲಕಾರಿ. ಜಾವಾ ಮಾಸ್ ಬದಲು ಕ್ರಿಸ್ಮಸ್ ಮಾಸ್ ಎಂಬ ಇನ್ನೊಂದು ಜಾತಿಯನ್ನು ತರುವ ಯೋಚನೆ ಬೇಡ, ಅದಕ್ಕೆ ಸೆಕೆ ಇನ್ನೂ ಆಗದು. (ಜಾವಾ ಮಾಸ್‌ನ ಇಂದಿನ ವೈಜ್ಞಾನಿಕ ಹೆಸರು ಟ್ಯಾಕ್ಸಿಫಿಲ್ಲಮ್ ಬಾರ್ಬಿಯೇರಿ; ಹಳೆಯ ಪುಸ್ತಕಗಳಲ್ಲಿ ಅದನ್ನು ವೆಸಿಕ್ಯುಲೇರಿಯಾ ಡುಬಿಯಾನಾ ಎಂದು ತಪ್ಪಾಗಿ ಗುರುತಿಸಿರುವುದುಂಟು.)

ಉತ್ತರ – ಮುಳ್ಳೇರಿಯ
ಸುರಂಗದ ಹಾವಸೆಯನ್ನು ಅಲ್ಲೇ ಬಿಡಿ. ಅದು ತೇವದ ಗಾಳಿಯಲ್ಲಿ ಬೆಳೆಯುವ ಸಸ್ಯ. ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಹರಡುವ ವೇಗ ಗಾಳಿಗಿಂತ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆಯಾದ್ದರಿಂದ, ಮುಳುಗಿಸಿದರೆ ಇಂಥ ಹೆಚ್ಚಿನ ಜಾತಿಗಳು ಕೆಲವು ವಾರ ಹಸಿರಾಗಿ ತೋರಿ ಬಳಿಕ ಕೊಳೆಯುತ್ತವೆ. ಇನ್ನೊಂದು ಎಚ್ಚರಿಕೆ: ಮಳೆ ಹಿಡಿಯುವ ಹೊತ್ತಿಗೆ ಅಡಿಕೆಗೆ ಮದ್ದು ಬಿಡುವ ಕೆಲಸ ಶುರುವಾಗುತ್ತದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಬೆರೆಸುವ ಆ ಬೋರ್ಡೋ ದ್ರಾವಣದಲ್ಲಿರುವುದು ತಾಮ್ರ. ಅದನ್ನು ಕದಡಿದ ಬಕೆಟ್ಟಾಗಲಿ ಪೈಪಾಗಲಿ ತೊಟ್ಟಿಯ ಹತ್ತಿರ ಸುಳಿಯಬಾರದು. ಮೊದಲು ಸೀಗಡಿ ಸಾಯುತ್ತದೆ, ಮಾಸ್ ಕೂಡ ಉಳಿಯದು.

ಬದಿಯಡ್ಕ
ಧನ್ಯವಾದಗಳು. ತೊಟ್ಟಿಯ ಬಕೆಟ್ ಬೇರೆಯೇ ಇದೆ. ಇಷ್ಟೊಂದು ಕತ್ತರಿಸಿದರೆ ಸೀಗಡಿಯ ಮರಿಗಳಿಗೆ ಅಡಗಲು ಆಸರೆ ತಪ್ಪುವುದಿಲ್ಲವೇ?

ಪೆರ್ಲ
ಕತ್ತರಿಸಿದ್ದರಲ್ಲಿ ಹಸಿರಾಗಿರುವ ಚೂರುಗಳನ್ನು ಎಸೆಯದೆ, ಒಂದು ಹಿಡಿಯನ್ನು ಮೂಲೆಯಲ್ಲಿ ಸಡಿಲವಾಗಿ ತೇಲಬಿಡಿ. ಫಿಲ್ಟರಿನ ಬಾಯಿಗೆ ಮಾತ್ರ ಸ್ಪಂಜು ಕಟ್ಟಿರಿ, ಇಲ್ಲದಿದ್ದರೆ ಮಾಸ್ ಚೂರುಗಳೂ ಮರಿಗಳೂ ಅದರೊಳಗೇ ಸೇರುತ್ತವೆ.