ಇನ್ನೊಂದ್ಸಲ, ಸ್ವಾಮೀ!

"ಮುಖವೇ ಬಂದಿಲ್ಲ, ಸುಬ್ಬತ್ತೆ."

"ಯಾರದೋ?"

"ನಂದು! ಮುನ್ನೂರು ಫೋಟೋದಲ್ಲೂ ಬರೀ ಭಿಕ್ಷುಗಳೇ."

ಲಾವೋಸ್ ದೇಶದ ಲುವಾಂಗ್ ಪ್ರಬಾಂಗಿನ ಗೆಸ್ಟ್‌ಹೌಸ್ ಜಗಲಿ, ಬೆಳಿಗ್ಗೆ ಏಳು. ಲಾವೋ ಕಾಫಿಯಲ್ಲಿ ಕಂಡೆನ್ಸ್ಡ್ ಮಿಲ್ಕು ಲೋಟದ ತಳದಲ್ಲೇ ಕೂತಿರುತ್ತೆ. ರಾಯರು ಕಲಕದೇ ಕುಡಿದು ಮುಖ ಕಿವುಚಿದ್ದರು.

"ಭಿಕ್ಷೆ ಹಾಕಿದ್ಯಲ್ಲ ಸೀನ, ಮುಗೀತು."

"ಹಾಕಿದ್ದಕ್ಕೆ ಪ್ರೂಫ್ ಬೇಡ್ವಾ ಅತ್ತೆ?"

"ಪುಣ್ಯಕ್ಕೂ ರಸೀದಿ ಕೇಳೋನು ನೀನೊಬ್ಬನೇ."

"ಪುಣ್ಯ ಅಂದ್ರಲ್ಲ," ರಾಯರು ಕಾಫಿ ಬಿಟ್ಟು ಪಾಠ ಹಿಡಿದರು. "ಇವರು ಹಬ್ಬಕ್ಕೆಲ್ಲ 'ಬುನ್' ಅಂತಾರೆ, ಅದು ನಮ್ಮ ಪುಣ್ಯವೇ. ಮಳೆ ಬರ್ಲಿ ಅಂತ ಬಿದಿರಿನ ರಾಕೆಟ್ ಹಾರಿಸ್ತಾರೆ, ಅದು ಬುನ್ ಬಾಂಗ್ ಫಾಯ್. ಈಗ ನೋಡಿದ್ದು ತಕ್ ಬಾತ್, ಭಿಕ್ಷುಗಳಿಗೆ ಬೆಳಗಿನ ಭಿಕ್ಷೆ ಹಾಕೋದು. ಬಾತ್ ಅಂದ್ರೆ ಪಾತ್ರೆ."

"ಓ, ಪಾತ್ರೆಯಾ? ನಾನು ವಾಂಗಿಬಾತ್ ಥರ ಏನೋ ಅಂದ್ಕೊಂಡಿದ್ದೆ," ಅಂದ ಸೀನ. "ಇರ್ಲಿ, ಏಪ್ರಿಲ್‌ನಲ್ಲಿ ಹೊಸವರ್ಷಕ್ಕೆ ಮತ್ತೆ ಬರ್ತೀನಿ. ಊರೆಲ್ಲ ನೀರೆರಚಾಟವಂತೆ. ಫೋನಿಗೆ ವಾಟರ್‌ಪ್ರೂಫ್ ಕವರ್ ತಗೋಬೇಕು."

"ಪೀ ಮಾಯ್! ಅದು ನಮ್ಮ ಸೌರಮಾನ ಯುಗಾದಿಯೇ ಕಣಯ್ಯ. ಸಂಕ್ರಾಂತೀನ ಇವರು ಸಾಂಗ್‌ಖಾನ್ ಅಂತಾರೆ. ಈ ಊರಿಗೆ ಹೆಸರು ಬಂದಿರೋದೇ ಪ್ರಬಾಂಗ್ ಬುದ್ಧನಿಂದ. ಆ ಮೂರ್ತೀನ ವಾಟ್ ಮಾಯ್ ದೇವಸ್ಥಾನಕ್ಕೆ ತಂದು, ಜನರೇ ಅಭಿಷೇಕ ಮಾಡ್ತಾರೆ. 83 ಸೆಂಟಿಮೀಟರ್ ಎತ್ತರ, ಅಷ್ಟೇ."

"ಇವನ ಸೆಲ್ಫಿ ಕೋಲು ಅದಕ್ಕಿಂತ ಉದ್ದ," ಅಂದ್ರು ಸುಬ್ಬತ್ತೆ.

ಸೀನ ಬೇಜಾರಾಗಿ ಮಣಿಕಟ್ಟಿನ ಬಿಳಿ ದಾರ ಎಳೆದ. ನಿನ್ನೆ ಸಂಜೆ ಬಾಸಿ ಅಂತ ಒಂದು ಶಾಸ್ತ್ರವಾಗಿತ್ತು. ಬಾಳೆಲೆಯ ಗೋಪುರಕ್ಕೆ ಚೆಂಡುಹೂ ಸಿಕ್ಕಿಸಿ, ಅದರ ಸುತ್ತ ಕೂತು, ಹಿರಿಯರು ಎಲ್ಲರ ಕೈಗೂ ದಾರ ಕಟ್ಟಿದ್ದರು.

"ಕೀಳ್ಬೇಡ್ವೋ, ಮೂರು ದಿನ ಇರ್ಬೇಕಂತೆ. ಮೈಯಲ್ಲಿ ಮೂವತ್ತೆರಡು ಖ್ವನ್ ಇರ್ತಾವಂತೆ, ಒಂಥರಾ ಜೀವಗಳು. ಅಲ್ಲಿ ಇಲ್ಲಿ ಅಲೀತಿರೋದನ್ನ ಕರೆದು ಕಟ್ಟಿಹಾಕೋಕೆ ಈ ದಾರ."

"ನನ್ನವೆಲ್ಲ ಇಲ್ಲೇ ಇವೆ ಅತ್ತೆ."

"ಒಂದಿದೆ. ಮೂವತ್ತೊಂದು ಮೊಬೈಲಲ್ಲಿವೆ."

ಅಷ್ಟು ಹೊತ್ತೂ ಸುಮ್ಮನಿದ್ದ ಪದ್ಮ ಫಕ್ಕನೆ ನಕ್ಕಳು. "ಇವರ ಮುಖ ಬಂದಿರೋದು ಒಂದಿದೆ. ನನ್ನ ಫೋನಲ್ಲಿ. ವಿಡಿಯೋ."

ಎಲ್ಲರೂ ಬಗ್ಗಿ ನೋಡಿದರು. ನಸುಗತ್ತಲು. ಕೇಸರಿ ಸಾಲು ಬರಿಗಾಲಲ್ಲಿ ಬರ್ತಿದೆ. ಊರಿನ ಮುದುಕಿಯೊಬ್ಬಳು ಚಾಪೆ ಮೇಲೆ ಮಂಡಿಯೂರಿ, ಹೆಗಲಿಗೆ ವಸ್ತ್ರ ಹೊದ್ದು, ಒಂದೊಂದು ಪಾತ್ರೆಗೂ ಚಿಟಿಕೆಯಷ್ಟು ಅಂಟಕ್ಕಿ ಅನ್ನ ಹಾಕ್ತಿದಾಳೆ. ತಲೆ ಎತ್ತಿ ನೋಡ್ತಿಲ್ಲ. ಮಾತಿಲ್ಲ. ಪಕ್ಕದಲ್ಲಿ ಸೀನ. ಒಂದು ಕೈಯಲ್ಲಿ ಬಿದಿರಿನ ಪುಟ್ಟಿ, ಇನ್ನೊಂದರಲ್ಲಿ ಫೋನು. ಸಾಲಿನ ಕೊನೇಲಿ ಹನ್ನೆರಡರ ಪ್ರಾಯದ ಮರಿಭಿಕ್ಷು. ಸೀನ ಅನ್ನ ಹಾಕಿದ, ಫೋನು ಜಾರಿತು. ಹುಡುಗ ಮುಂದೆ ಹೋಗಿಬಿಟ್ಟ.

"ಒನ್ ಮೋರ್! ಒನ್ ಮೋರ್ ಪ್ಲೀಸ್!"

ಹುಡುಗ ತಿರುಗಿ ಬಂದ. ಮುಚ್ಚಳ ತೆಗೆದ. ಸೀನನ ಪುಟ್ಟಿ ಖಾಲಿ! ಹುಡುಗ ಪುಟ್ಟಿ ನೋಡಿದ, ಸೀನನ ಮುಖ ನೋಡಿದ. ಸಾಲಿನ ತುದೀಲಿ ಪುಟ್ಟಿ ಹಿಡಿದು ಕೂತಿರೋ ಬಡ ಮಕ್ಕಳಿಗೆ ಇವರು ತಮ್ಮ ಭಿಕ್ಷೆಯಲ್ಲೇ ಹಂಚ್ತಾರೆ. ಅದೇ ಅಭ್ಯಾಸದಲ್ಲಿ ತನ್ನ ಪಾತ್ರೆಗೆ ಕೈಹಾಕಿ, ಒಂದು ಮುದ್ದೆ ಅನ್ನ ತೆಗೆದು ಸೀನನ ಪುಟ್ಟಿಗೆ ಹಾಕಿ ಹೊರಟುಹೋದ.

"ದಾನ ಕೊಡೋಕೆ ವಿಮಾನ ಹತ್ತಿ ಬಂದೋನು," ಸುಬ್ಬತ್ತೆ ಕಣ್ಣೊರೆಸಿಕೊಂಡು ನಕ್ಕರು, "ಭಿಕ್ಷೆ ಎತ್ಕೊಂಡು ಬಂದ!"

ರಾಯರು ಮಾತ್ರ ನಗಲಿಲ್ಲ.

"ಓದೋವಾಗ ನಂಗೆ ವಾರಾನ್ನ. ಮಂಗಳವಾರದ ಮನೆಯಾಕೆ ಬಡಿಸ್ವಾಗ ನನ್ನ ಮುಖ ನೋಡ್ತಾನೇ ಇರ್ಲಿಲ್ಲ. ಎರಡನೇ ಸಲ ಬೇಕು ಅಂತ ಕೇಳೋಕೆ ನಾಚ್ಕೋತೀನಿ ಅಂತ, ಅತ್ಲಾಗೆ ತಿರುಗಿಕೊಂಡೇ ಹಾಕಿಬಿಡ್ತಿದ್ರು. ಅವರ ಮುಖವೂ ನಂಗೆ ನೆನಪಿಲ್ಲ. ಬಳೆ ಸದ್ದು ಇದೆ."

ಪದ್ಮ ಫೋನು ತಿರುಗಿಸಿಟ್ಟಳು. ಕೆಳಗೆ ಮೆಕಾಂಗ್ ಮೇಲೆ ದೋಣಿಯೊಂದು ಟರ್ ಅಂತ ಹೋಯಿತು.

ಸೀನ ಪುಟ್ಟಿಯ ಮುಚ್ಚಳ ತೆಗೆದ. ಮುದ್ದೆ ಇನ್ನೂ ಬೆಚ್ಚಗಿತ್ತು. ನಾಲ್ಕು ಪಾಲು ಮಾಡಿದ. ಅಂಟಕ್ಕಿ ಬೆರಳಿಗೆ ಮೆತ್ತಿಕೊಂಡು ಬಿಡ್ತಿರಲಿಲ್ಲ.

"ಅತ್ತೆ, ಉಪ್ಪಿನಕಾಯಿ ತಂದಿದ್ರಲ್ಲ, ಮುಗ್ದೋಯ್ತಾ?"