ಹಾಂಗ್‌ಕಾಂಗ್ ಅರಮನೆ ಧಾರಾವಾಹಿ: ಕೇಳಿಸುವುದು ಒಂದು, ಆ್ಯಪ್ ಓದುವುದು ಇನ್ನೊಂದು

ಮಿಡಿಗಾಯಿ:
ಕ್ಯಾಂಟನೀಸ್ ಕಲಿಯುತ್ತಿದ್ದೇನೆ. ಈಗಿನ ಕಾಲದ ಧಾರಾವಾಹಿ ಸುಮಾರಾಗಿ ಅರ್ಥವಾಗುತ್ತದೆ. ಚಿಂಗ್ ರಾಜವಂಶದ ಕಾಲದ ಅರಮನೆ ಕಥೆ ಹಾಕಿದರೆ ಮಾತ್ರ ತಲೆ ಕೆಡುತ್ತದೆ. ಚಕ್ರವರ್ತಿ ತನ್ನನ್ನು ‘ಙೋ’ (ನಾನು) ಅನ್ನುವುದಿಲ್ಲ, ‘ಜಮ್’ ಅನ್ನುತ್ತಾನೆ. ರಾಜಮಾತೆ ‘ಓಯ್ ಗಾ’ ಅನ್ನುತ್ತಾಳೆ. ಸಬ್‌ಟೈಟಲ್ ಫೋಟೋ ತೆಗೆದು ಆ್ಯಪ್‌ಗೆ ಕೊಟ್ಟರೆ ‘ಜೆನ್’, ‘ಐ ಜ್ಯಾ’ ಅಂತ ಓದುತ್ತದೆ. ಯಾವುದು ಸರಿ?

ಹಳೇ_ರೇಡಿಯೋ:
ಎರಡೂ ಸರಿ. ಅವೇ ಅಕ್ಷರಗಳನ್ನು ಆ್ಯಪ್ ಚೀನಾದ ಅಧಿಕೃತ ಭಾಷೆ ಮ್ಯಾಂಡರಿನ್‌ನಲ್ಲಿ ಓದುತ್ತಿದೆ, ಅಷ್ಟೇ. ಸೆಟ್ಟಿಂಗ್ಸ್‌ಗೆ ಹೋಗಿ ಜ್ಯೂಟ್‌ಪಿಂಗ್ (ಕ್ಯಾಂಟನೀಸ್ ಉಚ್ಚಾರವನ್ನು ರೋಮನ್ ಲಿಪಿಯಲ್ಲಿ ಬರೆಯುವ ಪದ್ಧತಿ) ಆನ್ ಮಾಡಿ, ಚೀನೀ ನಿಘಂಟಿನ ಆ್ಯಪ್ ಪ್ಲೆಕೊದಲ್ಲಿ ಇದೆ. ಹಾಂಗ್‌ಕಾಂಗ್‌ನ ಭಾಷಾಶಾಸ್ತ್ರ ಸಂಘ 1993ರಲ್ಲಿ ರೂಪಿಸಿದ್ದು ಅದು. ‘ಜಮ್’ ಚಕ್ರವರ್ತಿಯೊಬ್ಬನೇ ಹೇಳಬಹುದಾದ ‘ನಾನು’. ಕ್ರಿ.ಪೂ. 221ರಲ್ಲಿ ಚೀನಾದ ಮೊದಲ ಚಕ್ರವರ್ತಿ ಚಿನ್ ಶಿ ಹುವಾಂಗ್ ಅದನ್ನು ತನಗೇ ಮೀಸಲು ಮಾಡಿಕೊಂಡ. ‘ಓಯ್ ಗಾ’ ಗಂಡನನ್ನು ಕಳೆದುಕೊಂಡ ರಾಣಿಯದು. ಅದು ರಂಗದ ಮೇಲಿನ ಮಾತು, ಇತಿಹಾಸ ಅಂತ ನಂಬಬೇಡಿ.

ಮಿಡಿಗಾಯಿ:
ಆನ್ ಮಾಡಿದೆ, ‘ಜಮ್’ ಬಂತು! ಆದರೆ ಅದೇ ದೃಶ್ಯದಲ್ಲಿ ದಾಸಿ ‘ಮ್ ಹೈ’ (ಅಲ್ಲ) ಅಂದಳು, ಸಬ್‌ಟೈಟಲ್‌ಗೆ ಆ್ಯಪ್ ‘ಬತ್ ಸಿ’ ತೋರಿಸಿತು. ಇನ್ನೂ ಏನೋ ಕೆಟ್ಟಿದೆ ಅಲ್ವಾ?

ಹಳೇ_ರೇಡಿಯೋ:
ಏನೂ ಕೆಟ್ಟಿಲ್ಲ. ಸಬ್‌ಟೈಟಲ್ ಹಾಕುವುದು ಬರಹದ ಚೀನೀ ಭಾಷೆಯಲ್ಲಿ, ನಟರು ಆಡುವುದು ಬಾಯಿಮಾತು. ‘ಅಲ್ಲ’ ಅನ್ನುವಂಥ ದಿನಬಳಕೆಯ ಮಾತಿನಲ್ಲಿ ಎರಡೂ ಬೇರೆಯಾಗುತ್ತವೆ. ಆಸ್ಥಾನದ ಮಾತು ಮೊದಲೇ ಗ್ರಾಂಥಿಕ, ಹಾಗಾಗಿ ಅಕ್ಷರಕ್ಕೆ ಅಕ್ಷರ ಹೊಂದುತ್ತದೆ. ನೀವು ಕಷ್ಟ ಅಂದುಕೊಂಡಿರುವ ಭಾಗವೇ ನಿಘಂಟಿನಲ್ಲಿ ಹುಡುಕಲು ಸುಲಭ. ‘ಸನ್ ಚಿಪ್’ ನೋಡಿ, ರಾಣಿಯರು ಚಕ್ರವರ್ತಿಯ ಮುಂದೆ ತಮ್ಮನ್ನು ಕರೆದುಕೊಳ್ಳುವುದು. ಮ್ಯಾಂಡರಿನ್‌ನಲ್ಲಿ ಅದು ‘ಛೆನ್ ಛಿಯೆ’. ಕೊನೆಯ ‘ಪ್’ ಅಲ್ಲಿ ಉದುರಿಹೋಗಿದೆ, ಕ್ಯಾಂಟನೀಸ್‌ನಲ್ಲಿ ಉಳಿದಿದೆ. ಮೊದಲು ಇಂಥವನ್ನೇ ಹಿಡಿಯಿರಿ. ‘ಮ್ ಹೈ’ ತರಹದ್ದನ್ನು ಬರೀ ಕಿವಿಯಿಂದ ಕಲಿಯಿರಿ, ಸಬ್‌ಟೈಟಲ್ ನೋಡಬೇಡಿ.

ಕಡಲೆಪುರಿ:
ನಡುವೆ ಬಂದೆ, ಕ್ಷಮಿಸಿ. ‘ನೋವ್ ಚೋಯ್’ ಬಗ್ಗೆ ಒಂದು ಮಾತು. ಅಂದರೆ ‘ಗುಲಾಮ’. ನಿಜವಾದ ಚಿಂಗ್ ಆಸ್ಥಾನದಲ್ಲಿ ಮಂಚು, ಅಂದರೆ ಆಳುವ ವಂಶದ ಜನಾಂಗದ, ಅಧಿಕಾರಿಗಳು ಹಾಗೆ ಹೇಳಿಕೊಳ್ಳುತ್ತಿದ್ದರು. ಹಾನ್, ಅಂದರೆ ಬಹುಸಂಖ್ಯಾತ ಚೀನೀ ಜನಾಂಗದ, ಅಧಿಕಾರಿಗಳು ಸಾಮಾನ್ಯವಾಗಿ ‘ಸನ್’ (ಚಕ್ರವರ್ತಿಯ ಸೇವಕ) ಅನ್ನುತ್ತಿದ್ದರು. ಕೆಲವು ಧಾರಾವಾಹಿಗಳು ಸುಮ್ನೆ ಎಲ್ಲರ ಬಾಯಲ್ಲೂ ‘ನೋವ್ ಚೋಯ್’ ಹಾಕಿಸುತ್ತವೆ. ನನಗೆ ಅದು ಜಾಸ್ತಿ ಕಿರಿಕಿರಿ.

ಮಿಡಿಗಾಯಿ:
ಸರಿ. ಇನ್ನೊಂದೇ. ಆಳುಗಳು ಮಂಡಿಯೂರಿ ‘ಜಾ’ ಅನ್ನುತ್ತಾರಲ್ಲ?

ಕಡಲೆಪುರಿ:
ಮಂಚು ಭಾಷೆಯಿಂದ ಬಂದದ್ದು. ‘ಅಪ್ಪಣೆ’ ಅಂದ ಹಾಗೆ. ಚಿಂಗ್‌ಗಿಂತ ಹಿಂದಿನ ಕಥೆಯಲ್ಲಿ ಇದನ್ನು ಹುಡುಕಬೇಡಿ. ಅಲ್ಲಿ ‘ಜೊನ್ ಜಿ’ ಕೇಳಿಸುತ್ತದೆ, ಅದು ರಾಜಾಜ್ಞೆಗೆ ತಲೆಬಾಗುವ ಮಾತು.